ಸರ್ವರ್ ಎಚ್ಚರುವ ಪರಿ

ಬಳ್ಳಾರಿಯ ಸೆರಗಿನ ಹಲಕುಂದಿಯಾಗಲಿ, ತುಂಗಭದ್ರೆಯ ಕಾಲುವೆಯ ನೀರುಂಡು ಬತ್ತ ಬೆಳೆಯುವ ಸಿರುಗುಪ್ಪದ ಸೀಮೆಯಾಗಲಿ, ಬೇಸಗೆಯಲ್ಲಿ ಕರೆಂಟು ಹೋಗಿಬರುವುದನ್ನು ಋತುಧರ್ಮವೆಂದೇ ಬಗೆದಿವೆ. ಅದು ಹೋದಾಗಿನ ಕಷ್ಟ ಸರ್ವವಿದಿತ. ಮರಳಿ ಬಂದಾಗಿನ ಕಷ್ಟವನ್ನು ಬಲ್ಲವರು ಸರ್ವರುಗಳನ್ನು ನೋಡಿಕೊಳ್ಳುವವರು ಮಾತ್ರ. ಯಂತ್ರವು ಮತ್ತೆ ಚಾಲೂ ಆದೊಡನೆ ದತ್ತಸಂಚಯ, ವೆಬ್, ಮೇಲ್ ಮೊದಲಾದ ಸೇವೆಗಳು ಯಾವ ಅನುಕ್ರಮದಲ್ಲಿ ಏಳತಕ್ಕುದು, ಒಂದು ಸಿದ್ಧವಾಯಿತೆಂದು ಇನ್ನೊಂದು ನಂಬುವುದು ಯಾವಾಗ ಎಂಬ ಪ್ರಶ್ನೆಗೆ ಯೂನಿಕ್ಸ್, ಲಿನಕ್ಸ್ ಪರಂಪರೆಯು ಅರ್ಧ ಶತಮಾನದಿಂದ ಉತ್ತರವನ್ನರಸುತ್ತ ಬಂದಿದೆ.

ಈ ವ್ಯವಸ್ಥೆಗಳ ತಿರುಳಾದ ಕರ್ನೆಲ್ ಮೊತ್ತಮೊದಲು ಹುಟ್ಟಿಸುವ, ಒಂದನೆಯ ಸಂಖ್ಯೆಯನ್ನು ಧರಿಸುವ ಪ್ರಕ್ರಿಯೆಗೆ ಇನಿಟ್ ಎಂದು ಹೆಸರು. ಯೂನಿಕ್ಸಿನ ಬರ್ಕ್ಲಿ ಶಾಖೆಯಲ್ಲಿ ಅದು ಆರ್‌ಸಿ ಎಂಬ ಸ್ಕ್ರಿಪ್ಟನ್ನು ಮೇಲಿನಿಂದ ಕೆಳಕ್ಕೆ ನಡೆಸಿ ಕೃತಕೃತ್ಯವಾಗುತ್ತಿತ್ತು. 1983ರ ಸಿಸ್ಟಮ್ ಫೈವ್‌ನ ಪರಂಪರೆಯಲ್ಲಾದರೋ ಸೇವೆಗೊಂದು ಸ್ಕ್ರಿಪ್ಟು, ಅದರ ಕೊಂಡಿಯ ಹೆಸರಿಗೆ ಎಸ್20, ಎಸ್85 ಎಂಬಂತೆ ಸರದಿಯ ಅಂಕೆ. 1990ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸರ ಉತ್ಸಾಹದಿಂದ ಪಿಸಿಕ್ವೆಸ್ಟ್ ಪತ್ರಿಕೆಯೊಡನೆ ಲಿನಕ್ಸ್ ಸಿ.ಡಿ.ಗಳು ಬಂದಾಗಲೂ, 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ನೆರೆದಾಗಲೂ, ನಮ್ಮವರಿಗೆ ದೊರೆತುದು ಈ ಸ್ಕ್ರಿಪ್ಟುಗಳ ವಿದ್ಯೆಯೇ.

ಎಲ್ಲವೂ ಕಣ್ಣೆದುರಿಗಿರುವುದು ಆ ವಿದ್ಯೆಯ ಗುಣ. ಸ್ಕ್ರಿಪ್ಟು ಮುಗಿದುದನ್ನೇ ಸೇವೆ ಸಿದ್ಧವಾದುದೆಂದು ಎಣಿಸುವುದು ಅದರ ದೋಷ. ಸೇವೆಯು ತನ್ನ ಪ್ರಕ್ರಿಯೆಯ ಸಂಖ್ಯೆಯನ್ನು ಪಿಐಡಿ ಫೈಲೆಂಬ ಪುಟ್ಟ ಕಡತದಲ್ಲಿ ಬರೆದಿಡುತ್ತಿತ್ತು. ಕರೆಂಟು ತಟ್ಟನೆ ಹೋದರೆ ಆ ಕಡತ ಅಳಿಯದೆ ಡಿಸ್ಕಿನಲ್ಲುಳಿಯುವುದುಂಟು. ಯಂತ್ರ ಮರಳಿ ಎದ್ದಾಗ ಅದೇ ಸಂಖ್ಯೆ ಮತ್ತಾವುದೋ ಪ್ರಕ್ರಿಯೆಯ ಪಾಲಾಗಿದ್ದರೆ, ಸೇವೆ ಆಗಲೇ ನಡೆಯುತ್ತಿದೆಯೆಂದು ತಿಳಿದು ಸ್ಕ್ರಿಪ್ಟು ಕೈಕಟ್ಟಿ ಕುಳಿತುಬಿಡುವುದು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಆಪರೇಟರು ಸಾಲಿನ ಕೊನೆಯ ಯಂತ್ರವನ್ನು ಮೊದಲು ಓಡಿಸಿ, ಅದಕ್ಕೆ ವೇಗ ಕೂಡಿತೆಂಬುದನ್ನು ಸದ್ದಿನಿಂದಲೇ ಅರಿತು, ಆಮೇಲೆ ಅದರ ಹಿಂದಿನದನ್ನು ಓಡಿಸುವನು. ಇಲ್ಲವಾದರೆ ಬತ್ತ ನಡುವೆ ಕಟ್ಟಿಕೊಳ್ಳುವುದು. ಆ ಕಿವಿ ಸ್ಕ್ರಿಪ್ಟಿಗೆ ಇರಲಿಲ್ಲ.

ಆ ಕಿವಿಯನ್ನು ದೊರಕಿಸುವ ಯತ್ನವಾಗಿ 2006ರಲ್ಲಿ ಲಿನಕ್ಸ್ ವಿತರಣೆಯಾದ ಉಬುಂಟು 6.10ರೊಡನೆ ಅಪ್‌ಸ್ಟಾರ್ಟ್ ಎಂಬ ಹೊಸ ಇನಿಟ್ ಬಂದಿತು. 2010ರ ಏಪ್ರಿಲ್‌ನಲ್ಲಿ ಲೆನಾರ್ಟ್ ಪೊಟೆರಿಂಗ್ ಸಿಸ್ಟಮ್‌ಡಿ ಎಂಬ ಇನ್ನೊಂದನ್ನು ಪ್ರಕಟಿಸಿದರು. ಇದರಲ್ಲಿ ಯಾವ ಸೇವೆ ಯಾವುದನ್ನು ಅವಲಂಬಿಸಿದೆಯೆಂದು ಯೂನಿಟ್ ಫೈಲೆಂಬ ಕಡತದಲ್ಲಿ ಬರೆದರಾಯಿತು. ಸೇವೆಯ ಮರಿಪ್ರಕ್ರಿಯೆಗಳನ್ನೆಲ್ಲ ಕರ್ನೆಲ್ಲಿನ ಸಿಗ್ರೂಪುಗಳೆಂಬ ಗುಂಪುಗಳು ಹಿಡಿದಿಡುವುದರಿಂದ ಪಿಐಡಿ ಫೈಲಿನ ಹಂಗು ತಗ್ಗಿತು. ತಾನು ಸಿದ್ಧವೆಂದು ಸೇವೆಯೇ ವರದಿಯೊಪ್ಪಿಸುವ ಮಾರ್ಗವೂ ತೆರೆಯಿತು. 2011ರಲ್ಲಿ ಫೆಡೋರಾ 15, 2014ರಲ್ಲಿ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ 7 ಇದನ್ನು ಅಂಗೀಕರಿಸಿದುವು. ಡೆಬಿಯನ್ ಎಂಬ ವಿತರಣೆಯ ಎಂಟು ಜನರ ತಾಂತ್ರಿಕ ಸಮಿತಿಯಾದರೋ ಸಮನಾಗಿ ಇಬ್ಭಾಗವಾಯಿತು; 2014ರ ಫೆಬ್ರವರಿಯಲ್ಲಿ ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಂದನೆಯ ಪ್ರಕ್ರಿಯೆಯೇ ಇಷ್ಟೊಂದು ಅಧಿಕಾರವನ್ನು ಕೈವಶಮಾಡಿಕೊಳ್ಳಬಹುದೆ, ಸಾದಾ ಅಕ್ಷರಗಳಲ್ಲಿದ್ದ ಲಾಗನ್ನು ವಿಶೇಷ ಆಜ್ಞೆಯಿಲ್ಲದೆ ಓದಲಾಗದ ಜರ್ನಲ್ಲಾಗಿ ಮಾರ್ಪಡಿಸಬಹುದೆ ಎಂದು ಕನಲಿದವರು ಡೆಬಿಯನ್ನಿನಿಂದ ಬೇರೆಯಾಗಿ ಡೆವುವಾನ್ ಎಂಬ ವಿತರಣೆಯನ್ನು ಕಟ್ಟಿದರು.

ಆದರೂ ಹೊಸ ವ್ಯವಸ್ಥೆ ನಿರ್ದುಷ್ಟವಲ್ಲ. ಸೇವೆಯೊಂದು ಏಳುವುದಕ್ಕೆ ಸಿಸ್ಟಮ್‌ಡಿ ಸಾಮಾನ್ಯವಾಗಿ ಕೊಡುವ ಅವಧಿ 90 ಸೆಕೆಂಡು. ಕರೆಂಟು ಹೋದಾಗ ಅರ್ಧಕ್ಕೆ ನಿಂತ ವ್ಯವಹಾರಗಳನ್ನು ಮಾರಿಯಾ ಡಿಬಿಯಂಥ ದತ್ತಸಂಚಯವು ಎದ್ದೊಡನೆ ಸರಿಪಡಿಸಿಕೊಳ್ಳಬೇಕಷ್ಟೆ. ಸಂಚಯ ದೊಡ್ಡದಾದರೆ ಅದಕ್ಕೆ ಬಹಳ ಹೊತ್ತು ಹಿಡಿಯಬಹುದು. ಗಡುವು ಮೀರಿತೆಂದು ಮೇಲ್ವಿಚಾರಕನಾದ ಸಿಸ್ಟಮ್‌ಡಿಯು ಅದನ್ನು ನಡುವೆಯೇ ನಿಲ್ಲಿಸಿ, ಸೇವೆ ವಿಫಲವೆಂದು ಸಾರಿಬಿಡುವುದುಂಟು. ಏಳದ ಸೇವೆಯನ್ನು ಎದ್ದಿದೆಯೆಂದು ನಂಬುವುದು ಹಳೆಯ ಪದ್ಧತಿಯ ಭ್ರಾಂತಿ. ಏಳುತ್ತಿರುವುದನ್ನು ಏಳಲಾರದೆಂದು ತೀರ್ಮಾನಿಸುವುದು ಹೊಸದರ ಆತುರ.

ಗಡುವನ್ನು ಹಿಗ್ಗಿಸಲು ಯೂನಿಟ್ಟಿಗೆ ಒಂದು ಸಾಲು ಸೇರಿಸಿದರೆ ಸಾಕು. ಆದರೆ ಎಷ್ಟು ಹಿಗ್ಗಿಸಬೇಕೆಂಬುದನ್ನು ಪೊಟೆರಿಂಗರಾಗಲಿ ಡೆಬಿಯನ್ನಿನ ಸಮಿತಿಯಾಗಲಿ ಹೇಳಲಾರರು. ತನ್ನ ದತ್ತಸಂಚಯ ಎಷ್ಟು ದೊಡ್ಡದು, ಡಿಸ್ಕು ಎಷ್ಟು ನಿಧಾನ, ಊರಿನ ಕರೆಂಟು ಎಂಥದು ಎಂಬುದನ್ನು ಬಲ್ಲವನು ಸರ್ವರನ್ನು ನೋಡಿಕೊಳ್ಳುವವನು. ಇನಿಟ್‌ಗಳ ಕಲಹದಲ್ಲಿ ಯಾವ ಪಕ್ಷ ಗೆದ್ದರೂ ಆ ಸಾಲನ್ನು ಬರೆಯುವ ಹೊಣೆ ಅವನದಾಗಿಯೇ ಉಳಿದಿದೆ.