ಮೊಬೈಲ್ ಬ್ಯಾಟರಿ ಸುರಕ್ಷತೆಯ ಇತಿಹಾಸ

ಫೋನು, ಲ್ಯಾಪ್‌ಟಾಪ್‌ಗಳಿಗೆ ಶಕ್ತಿ ಕೊಡುವ ಲಿಥಿಯಂ ಅಯಾನ್ ಬ್ಯಾಟರಿಯನ್ನು ಜಪಾನಿನ ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಇದರ ಎರಡು ವಿದ್ಯುದ್ವಾರಗಳನ್ನು ತೆಳ್ಳನೆಯ ಪ್ಲಾಸ್ಟಿಕ್ ಪೊರೆಯೊಂದು ಬೇರ್ಪಡಿಸುತ್ತದೆ. ಒಳಗಿನ ದ್ರಾವಣ ಬೇಗ ಹೊತ್ತಿಕೊಳ್ಳುವಂಥದ್ದು. ಪೊರೆ ಹರಿದರೆ ಒಳಗೇ ಶಾರ್ಟ್ ಆಗಿ, ಶಾಖ ತಾನಾಗಿ ಏರುತ್ತಾ ಬೆಂಕಿ ಏಳಬಹುದು. ಕೋಟಿಗಟ್ಟಲೆ ತಯಾರಾಗುವ ವಸ್ತುವಿನಲ್ಲಿ ಇಂಥ ದೋಷವನ್ನು ಪೂರ್ತಿ ಇಲ್ಲವಾಗಿಸುವುದು ಕಷ್ಟ. ಆದ್ದರಿಂದ ದೋಷ ಬಯಲಾದಾಗ ಬಳಕೆದಾರರ ಕೈಯಲ್ಲಿ ಯಾವ ಉಪಾಯ ಉಳಿದಿರುತ್ತದೆ ಎಂಬುದೂ ಸುರಕ್ಷತೆಯ ಅಳತೆಗೋಲಾಗಬೇಕು.

ಇತಿಹಾಸವೂ ಇದನ್ನೇ ಹೇಳುತ್ತದೆ. 2006ರಲ್ಲಿ ಡೆಲ್ ಕಂಪನಿ ಸೋನಿ ಕೋಶಗಳಿದ್ದ ಸುಮಾರು 41 ಲಕ್ಷ ಬ್ಯಾಟರಿಗಳನ್ನು ವಾಪಸು ಕರೆಯಿತು; ಲ್ಯಾಪ್‌ಟಾಪ್‌ಗಳು ಜನರ ಬಳಿಯೇ ಉಳಿದವು. 2007ರಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಮಾದರಿಯ 4.6 ಕೋಟಿ ಬ್ಯಾಟರಿಗಳ ಬಗ್ಗೆ ಎಚ್ಚರಿಕೆ ಕೊಟ್ಟಾಗ ಭಾರತದಲ್ಲೂ ಗಾಬರಿ ಹಬ್ಬಿತು. ಆದರೆ ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿಯ ಮೇಲಿನ ಸಂಖ್ಯೆ ನೋಡಿ, ಹೊಸದನ್ನು ಉಚಿತವಾಗಿ ಪಡೆಯಲು ಸಾಧ್ಯವಿತ್ತು. ಅದೇ ವರ್ಷ ಬಂದ ಐಫೋನಿನಲ್ಲಿ ಬ್ಯಾಟರಿ ಒಳಗೇ ಭದ್ರವಾಗಿತ್ತು. ಮುಂದೆ ಉಳಿದವರೂ ಆ ದಾರಿ ಹಿಡಿದರು. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಹೊತ್ತಿ ಉರಿದಾಗ ಸುಮಾರು 25 ಲಕ್ಷ ಫೋನುಗಳನ್ನೇ ಹಿಂಪಡೆಯಬೇಕಾಯಿತು. ಬದಲಿಗೆ ಕೊಟ್ಟವೂ ಉರಿದಾಗ ಅಕ್ಟೋಬರ್‌ನಲ್ಲಿ ಆ ಮಾದರಿಯ ತಯಾರಿಕೆಯೇ ನಿಂತಿತು.

ಎರಡನೇ ಸಲದ ಬ್ಯಾಟರಿಯಲ್ಲೂ ದೋಷವಿದ್ದ ಮೇಲೆ, ಬಿಚ್ಚುವಂತಿದ್ದರೂ ಬೆಂಕಿ ತಪ್ಪುತ್ತಿರಲಿಲ್ಲ ಎನ್ನಬಹುದು. ನಿಜ, ಆದರೆ ದೋಷ ತಿಳಿದ ಕೂಡಲೇ ಬ್ಯಾಟರಿಯನ್ನು ತೆಗೆದಿಡಬಹುದಿತ್ತು, ಸುಸ್ಥಿತಿಯ ಫೋನು ಕಸವಾಗುತ್ತಿರಲಿಲ್ಲ. ನೀರು ತಡೆಯಲು ಫೋನನ್ನು ಅಂಟಿಸಿ ಮುಚ್ಚಲೇಬೇಕೆಂಬ ವಾದಕ್ಕೆ 2014ರ ಗ್ಯಾಲಕ್ಸಿ ಎಸ್5 ಉತ್ತರ: ಬ್ಯಾಟರಿ ಬಿಚ್ಚಬಹುದಾಗಿದ್ದರೂ ಅದಕ್ಕೆ ಐಪಿ67 ದರ್ಜೆಯ ರಕ್ಷಣೆಯಿತ್ತು. ಬಿಚ್ಚಲು ಬಿಟ್ಟರೆ ನಕಲಿ ಬ್ಯಾಟರಿಗಳು ನುಸುಳುತ್ತವೆ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆದರೆ ಅಂಟಿಸಿದ ಫೋನಿನ ಬ್ಯಾಟರಿಯೂ ಸವೆಯುತ್ತದೆ. ಆಗ ರಿಪೇರಿ ಅಂಗಡಿಯಲ್ಲಿ ಅದೇ ನಕಲಿ ಮಾಲು ಒಳಸೇರಬಹುದು. ಅಸಲಿ ಬ್ಯಾಟರಿ ಕೈಗೆಟಕುವ ಬೆಲೆಗೆ ಸಿಗುವುದೇ ಅದಕ್ಕೆ ಸರಿಯಾದ ತಡೆ. ಕೆಲವು ವಿನಾಯಿತಿಗಳೊಂದಿಗೆ, ಬಳಕೆದಾರರೇ ಬ್ಯಾಟರಿ ಬದಲಿಸುವಂತಿರಬೇಕು ಎಂಬ ಐರೋಪ್ಯ ಒಕ್ಕೂಟದ ನಿಯಮ 2027ರ ಫೆಬ್ರವರಿ 18ರಿಂದ ಅನ್ವಯವಾಗುತ್ತದೆ. ಆ ವಿನಾಯಿತಿಗಳು ಕಿರಿದಾದಷ್ಟೂ ನಿಯಮಕ್ಕೆ ಬಲ ಹೆಚ್ಚು.