ಕೆಮಿಸ್ಟ್ರಿಗೆ ಸ್ಕೋಪ್ ಇದೆಯಾ? 1898ರಲ್ಲೇ ಕೇಳಿದ್ದ ಪ್ರಶ್ನೆ

ಮಗಳು ‘ಬಿಎಸ್ಸಿ ಕೆಮಿಸ್ಟ್ರಿ ತಗೋತೀನಿ’ ಅಂದ್ರೆ ಸಾಕು, ಮನೆಗೆ ಬಂದ ಚಿಕ್ಕಪ್ಪ ಕೇಳೇ ಕೇಳ್ತಾರೆ: ‘ಅದಕ್ಕೇನಮ್ಮಾ ಸ್ಕೋಪ್ ಇದೆ?’ ನಮಗೆ ಸಿಟ್ಟು ಬರುತ್ತೆ. ಆದ್ರೆ ಇದೇ ಪ್ರಶ್ನೆಯನ್ನ ಒಬ್ಬ ವೈಸ್‌ರಾಯ್ ಕೂಡ ಕೇಳಿದ್ದ. ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಲ್ಲಿ. ಇವತ್ತಿನ ಎಪಿಸೋಡ್ ಆ ಕಥೆ.

1898ರ ಡಿಸೆಂಬರ್ 31. ಜಾಗ ಬಾಂಬೆ. ಲಾರ್ಡ್ ಕರ್ಜನ್ ವೈಸ್‌ರಾಯ್ ಆಗೋಕೆ ಅಂತ ಇಂಗ್ಲೆಂಡಿನಿಂದ ಆಗಷ್ಟೇ ಬಂದಿಳಿದಿದ್ದ. ಜಮ್ಶೆಟ್‌ಜಿ ಟಾಟಾ ಅವರ ಕಡೆಯ ಸಮಿತಿ ಅವನನ್ನ ಭೇಟಿ ಮಾಡಿತು. ಭಾರತದಲ್ಲೇ ಸಂಶೋಧನೆ ಮಾಡೋ ಒಂದು ದೊಡ್ಡ ವಿಶ್ವವಿದ್ಯಾಲಯ ಬೇಕು, ಟಾಟಾ ತಮ್ಮ ಆಸ್ತಿಯನ್ನೇ ಕೊಡ್ತಾರೆ ಅನ್ನೋದು ಯೋಜನೆ. ಕರ್ಜನ್‌ಗೆ ಎರಡು ಅನುಮಾನ ಬಂತು. ಒಂದು, ಇಷ್ಟು ಮೇಲ್ಮಟ್ಟದ ಓದಿಗೆ ಸಾಕಷ್ಟು ವಿದ್ಯಾರ್ಥಿಗಳು ಸಿಗ್ತಾರಾ? ಎರಡು, ಓದಿ ಮುಗಿಸಿದವರಿಗೆ ಈ ದೇಶದಲ್ಲಿ ಕೆಲಸ ಎಲ್ಲಿದೆ?

ಆಮೇಲೆ ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೇ 1900ರಲ್ಲಿ ಭಾರತ ಸುತ್ತಿ, ಸಂಸ್ಥೆಗೆ ಬೆಂಗಳೂರೇ ಸರಿ ಅಂದರು. ಇವರಿಗೆ 1904ರಲ್ಲಿ ನೊಬೆಲ್ ಬಂತು. ಅದೇ ವರ್ಷ ಜಮ್ಶೆಟ್‌ಜಿ ತೀರಿಕೊಂಡರು. ಕನಸು ನಿಲ್ಲಲಿಲ್ಲ. ಮೈಸೂರು ಸಂಸ್ಥಾನ 1907ರಲ್ಲಿ 371 ಎಕರೆ ಜಮೀನು ಕೊಟ್ಟಿತು. ರ‍್ಯಾಮ್ಸೇ ಜೊತೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನ ಕಂಡುಹಿಡಿದಿದ್ದ ಮಾರಿಸ್ ಟ್ರಾವರ್ಸ್ ಮೊದಲ ನಿರ್ದೇಶಕರಾದರು. ಇವತ್ತಿಗೂ ಬೆಂಗಳೂರಿಗರು ‘ಟಾಟಾ ಇನ್‌ಸ್ಟಿಟ್ಯೂಟ್’ ಅನ್ನೋ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ 1911ರ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳನ್ನ ಸೇರಿಸಿಕೊಂಡಿತು. ಶುರುವಾದ ವಿಭಾಗಗಳಲ್ಲಿ ಕೆಮಿಸ್ಟ್ರಿ ಒಂದು, ಎಲೆಕ್ಟ್ರಿಕಲ್ ಇನ್ನೊಂದು.

ಸರಿ, ಕಟ್ಟಡ ಬಂತು, ಲ್ಯಾಬ್ ಬಂತು. ಕರ್ಜನ್ ಪ್ರಶ್ನೆ ಮಾತ್ರ ಹಾಗೇ ಇತ್ತು. ಕೆಲಸ ಎಲ್ಲಿದೆ?

ಉತ್ತರ ಸಿಕ್ಕಿದ್ದು ಯುದ್ಧದಿಂದ. ಆಗ ಮೈಸೂರು ಸಂಸ್ಥಾನದಲ್ಲಿ ಶ್ರೀಗಂಧದ ಮರ ಸರ್ಕಾರದ ಸ್ವತ್ತು, ಖಜಾನೆಗೆ ಒಳ್ಳೆ ಆದಾಯ. ಆದ್ರೆ ನಾವು ಮಾರ್ತಿದ್ದದ್ದು ಮರ. ಅದು ಹೊರದೇಶಕ್ಕೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆ ಆಗ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು, ಜರ್ಮನಿಯ ದಾರಿ ಮುಚ್ಚಿತು. ಮರದ ರಾಶಿ ಇಲ್ಲೇ ಉಳೀತು.

ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲ ಅದು. ಸಂಸ್ಥಾನದ ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಇದೇ ಇನ್‌ಸ್ಟಿಟ್ಯೂಟ್ ಬಾಗಿಲು ತಟ್ಟಿದರು. ಕೆಮಿಸ್ಟ್ರಿ ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಕೆಲಸಕ್ಕೆ ಕೂತರು. ಕೇಳೋಕೆ ಸುಲಭ: ಗಂಧದ ಚೇಗನ್ನ ಪುಡಿ ಮಾಡಿ ಹಬೆ ಹಾಯಿಸಬೇಕು, ಹಬೆ ಜೊತೆ ಎಣ್ಣೆ ಬರುತ್ತೆ, ತಣ್ಣಗಾದ ಮೇಲೆ ನೀರಿನಿಂದ ಬೇರೆ ಮಾಡಬೇಕು. ಕಷ್ಟ ಇರೋದು ಪ್ರತಿ ಸಲವೂ ಒಂದೇ ಗುಣಮಟ್ಟದ ಎಣ್ಣೆ ತೆಗೆಯೋದ್ರಲ್ಲಿ. ಯಾಕಂದ್ರೆ ಆ ಎಣ್ಣೆ ಸುಗಂಧಕ್ಕೂ ಹೋಗ್ತಿತ್ತು, ಔಷಧಿಗೂ ಹೋಗ್ತಿತ್ತು. ಲ್ಯಾಬಿನ ಪ್ರಯೋಗ ಕೈಗೂಡಿತು. 1916ರಲ್ಲಿ ಬೆಂಗಳೂರಲ್ಲಿ, ಮರುವರ್ಷ ಮೈಸೂರಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು. ಸಾಬೂನಿನ ವಿದ್ಯೆ ಕಲಿಯೋಕೆ ಎಸ್. ಜಿ. ಶಾಸ್ತ್ರಿ ಅನ್ನೋ ಕೆಮಿಸ್ಟ್‌ನ ಇಂಗ್ಲೆಂಡಿಗೆ ಕಳಿಸಿದರು. ನಮ್ಮ ಬಚ್ಚಲುಮನೆಯ ಮೈಸೂರ್ ಸ್ಯಾಂಡಲ್ ಸೋಪ್ ಹಿಂದೆ ಇಷ್ಟೆಲ್ಲಾ ಇದೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ‘ಓದು, ಕೆಲಸ ತಾನಾಗೇ ಬರುತ್ತೆ’ ಅಂತ ಈ ಕಥೆ ಹೇಳಲ್ಲ. ಒಂದು ಎಣ್ಣೆ ಕಾರ್ಖಾನೆಗೆ ಕೆಮಿಸ್ಟ್‌ಗಳು ಎಷ್ಟು ಜನ ಬೇಕು? ಬೆರಳೆಣಿಕೆ. ಕರ್ಜನ್‌ನ ಅನುಮಾನ ಪೂರ್ತಿ ತಪ್ಪಾಗಿರಲಿಲ್ಲ. ಕೆಲಸ ಹುಟ್ಟಿದ್ದು ಮೂರು ಒಟ್ಟಿಗೆ ಸೇರಿದಾಗ: ಊರಲ್ಲೇ ಇದ್ದ ಕಚ್ಚಾ ಮಾಲು, ಹಣ ಹಾಕೋಕೆ ತಯಾರಿದ್ದ ಸರ್ಕಾರ, ಆ ಸಮಸ್ಯೆಯನ್ನ ಕೈಗೆತ್ತಿಕೊಂಡ ಲ್ಯಾಬ್. ಇದ್ರಲ್ಲಿ ಒಂದು ಇಲ್ಲದಿದ್ರೂ ಸೋಪ್ ಇಲ್ಲ.

ಇನ್ನೊಂದು ವಿಷಯ, ಸರ್ಟಿಫಿಕೇಟ್. ಇನ್‌ಸ್ಟಿಟ್ಯೂಟ್ ಶುರುವಿನ ದಶಕಗಳಲ್ಲಿ ವಿಶ್ವವಿದ್ಯಾಲಯದ ಪದವಿ ಕೊಡ್ತಿರಲಿಲ್ಲ, ಸಂಶೋಧನೆ ಮಾಡಿದವರಿಗೆ ‘ಅಸೋಸಿಯೇಟ್’ ಅನ್ನೋ ಮಾನ್ಯತೆ ಕೊಡ್ತಿತ್ತು. ಡೀಮ್ಡ್ ವಿಶ್ವವಿದ್ಯಾಲಯ ಆಗಿದ್ದು 1958ರಲ್ಲಿ. ಅಂದ್ರೆ ಲ್ಯಾಬ್ ದೇಶಕ್ಕೇ ಹೆಸರುವಾಸಿ ಇದ್ರೂ, ಪದವಿಗೆ ಬೇರೆ ವಿಶ್ವವಿದ್ಯಾಲಯದ ಕಡೆ ನೋಡಬೇಕಿತ್ತು.

ಮೂರನೇದು, ಬಾಗಿಲು ಯಾರಿಗೆ ತೆರೆದಿತ್ತು ಅನ್ನೋದು. ಕಮಲಾ ಭಾಗವತ್ ಅವರ ತಂದೆ, ಚಿಕ್ಕಪ್ಪ ಇಬ್ಬರೂ ಇದೇ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದ ಕೆಮಿಸ್ಟ್‌ಗಳು. ಕಮಲಾ 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಬಿಎಸ್ಸಿಗೆ ಮೊದಲಿಗರಾಗಿ ಇಲ್ಲಿ ಅರ್ಜಿ ಹಾಕಿದರು. ನಿರ್ದೇಶಕ ಸಿ. ವಿ. ರಾಮನ್ ಹೆಣ್ಣು ಅನ್ನೋ ಕಾರಣಕ್ಕೆ ಬೇಡ ಅಂದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಪರೀಕ್ಷೆಗೆ ಇಟ್ಟಂತೆ, ಷರತ್ತಿನ ಮೇಲೆ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಕೆಲಸ ಮಾಡಿ, 1936ರಲ್ಲಿ ಎಂಎಸ್ಸಿ ಪಡೆದರು. ಪದವಿ ಕೊಟ್ಟಿದ್ದು ಬಾಂಬೆ ವಿಶ್ವವಿದ್ಯಾಲಯ. 1939ರಲ್ಲಿ ಕೇಂಬ್ರಿಡ್ಜ್ ಪಿಎಚ್‌ಡಿ. ಮುಂದೆ ಕಮಲಾ ಸೋಹೊನಿ ಅಂತ ಹೆಸರಾದವರು ಇವರೇ. ಒಂದೇ ಮನೆ, ಒಂದೇ ವಿಷಯ, ಒಂದೇ ಸಂಸ್ಥೆ. ಅಪ್ಪನಿಗೆ ತೆರೆದಿದ್ದ ಬಾಗಿಲು ಮಗಳಿಗೆ ಮುಚ್ಚಿತ್ತು. ‘ಸ್ಕೋಪ್’ ಅನ್ನೋದು ಎಲ್ಲರಿಗೂ ಒಂದೇ ಅಳತೆಯಲ್ಲಿ ಇರಲ್ಲ.

ಹಾಗಾಗಿ ಈಗ ಕೆಮಿಸ್ಟ್ರಿ ಕೋರ್ಸ್ ನೋಡೋಕೆ ಕಾಲೇಜಿಗೆ ಹೋಗೋರು, ಬ್ರೋಷರ್ ಬದಿಗಿಟ್ಟು ಈ ಚರಿತ್ರೆಯಿಂದಲೇ ಪ್ರಶ್ನೆ ತಗೊಂಡು ಹೋಗಿ. ಪ್ರೊಫೆಸರ್‌ಗಳು ಈಗ ಯಾವ ಸಮಸ್ಯೆ ಮೇಲೆ ಕೆಲಸ ಮಾಡ್ತಿದ್ದಾರೆ, ಅದನ್ನ ಹೊರಗಡೆ ಯಾರಾದ್ರೂ ದುಡ್ಡು ಕೊಟ್ಟು ಕೇಳ್ತಾರಾ? ಉಪಕರಣಗಳನ್ನ ವಿದ್ಯಾರ್ಥಿಗಳೇ ನಡೆಸ್ತಾರಾ, ಇಲ್ಲ ಗಾಜಿನ ಆಚೆಯಿಂದ ನೋಡಿ ರೆಕಾರ್ಡ್ ಬರೀತಾರಾ? ಔಷಧಿ ಕಂಪನಿಯ ಕ್ವಾಲಿಟಿ ಕಂಟ್ರೋಲ್ ಇಂಟರ್‌ವ್ಯೂನಲ್ಲಿ ಎಚ್‌ಪಿಎಲ್‌ಸಿ ಮಷಿನ್ ನಡೆಸಿದ್ದೀರಾ ಅಂತ ಕೇಳಿದ್ರೆ, ಅಲ್ಲಿ ಗೊತ್ತಾಗುತ್ತೆ ವ್ಯತ್ಯಾಸ. ಪದವಿ ಯಾರ ಹೆಸರಲ್ಲಿ ಬರುತ್ತೆ, ಮುಂದೆ ಎಂಎಸ್ಸಿಗೆ ನಡೆಯುತ್ತಾ? ಮೂರು ವರ್ಷದ ಹಿಂದೆ ಮುಗಿಸಿದವರು ಈಗ ಎಲ್ಲಿದ್ದಾರೆ? ಅದರಲ್ಲಿ ಹೆಣ್ಣುಮಕ್ಕಳು ಎಲ್ಲಿದ್ದಾರೆ, ಸಂಜೆ ಆರರ ಮೇಲೆ ಲ್ಯಾಬ್ ಅವರಿಗೂ ತೆರೆದಿರುತ್ತಾ?

ಚಿಕ್ಕಪ್ಪನ ಪ್ರಶ್ನೆ ಕೆಟ್ಟದ್ದೇನಲ್ಲ. ಅದನ್ನ ಹುಡುಗಿಗೆ ಕೇಳೋ ಬದಲು ಕಾಲೇಜಿಗೆ ಕೇಳಬೇಕು ಅಷ್ಟೇ. ಅಡ್ಮಿಷನ್ ಫೀ ಕಟ್ಟೋಕೆ ಮುಂಚೆ.

ಮುಂದಿನ ವಾರ ಸಿಗೋಣ, ನಮಸ್ಕಾರ.