ಕ್ಲೌಡ್ ಆಟದ ಹದಿನೈದು ವರ್ಷ: ವಿಜಯನಗರದಿಂದ ನೋಡಿದಂತೆ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಕಡೆ ಬೆಳೆದವರಿಗೆ ‘ಟೀವಿ ಗೇಮ್’ ಅಂದರೆ ಜಪಾನಿನ ಫ್ಯಾಮಿಕಾಮ್‌ನ ಅಗ್ಗದ ನಕಲು, ಜೊತೆಗೆ ‘9999 ಇನ್ 1’ ಎಂದು ಬರೆದ ಒಂದು ಕ್ಯಾಸೆಟ್. ಬೇಸಿಗೆ ರಜೆಯಲ್ಲಿ ಅದು ಬೀದಿಯ ಒಂದು ಮನೆಯಿಂದ ಇನ್ನೊಂದಕ್ಕೆ ಓಡಾಡುತ್ತಿತ್ತು. ಆಮೇಲೆ ಪ್ಲೇಸ್ಟೇಷನ್ 2 ಬಂತು. ಮೆಜೆಸ್ಟಿಕ್ ಬಸ್ ಹತ್ತಿ ನ್ಯಾಷನಲ್ ಮಾರ್ಕೆಟ್‌ಗೆ ಹೋಗುವುದು, ಡಿಸ್ಕ್ ತರುವುದು, ಆಡಿ ಮುಗಿಸಿ ಸ್ನೇಹಿತನಿಗೆ ದಾಟಿಸುವುದು. ನಮ್ಮ ಭಾಗದಲ್ಲಿ ಕನ್ಸೋಲ್ ಬೇರೂರಿದ್ದು ಹೀಗೆ, ಕೈಯಿಂದ ಕೈಗೆ.

ಅತ್ತ ಅಮೆರಿಕದಲ್ಲಿ 2010ರಲ್ಲಿ ಆನ್‌ಲೈವ್ ಎಂಬ ಕ್ಲೌಡ್ ಆಟದ ಸೇವೆ ಶುರುವಾಯಿತು. ಆಟ ನಡೆಯುವುದು ದೂರದ ಸರ್ವರ್‌ನಲ್ಲಿ, ನಮ್ಮ ಪರದೆಗೆ ಬರುವುದು ಚಿತ್ರ ಮಾತ್ರ. ಎರಡೇ ವರ್ಷಕ್ಕೆ ಆ ಕಂಪನಿ ಕುಸಿಯಿತು. ಅದೇ 2012ರಲ್ಲಿ ಸೋನಿ, ಇದೇ ಕೆಲಸ ಮಾಡುತ್ತಿದ್ದ ಗೈಕಾಯ್ ಕಂಪನಿಯನ್ನು 38 ಕೋಟಿ ಡಾಲರ್ ಕೊಟ್ಟು ಕೊಂಡಿತು. ಗೂಗಲ್‌ನ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಹುಟ್ಟಿ 2023ರ ಜನವರಿ 18ಕ್ಕೆ ಮುಚ್ಚಿತು. ಭಾರತಕ್ಕೆ ಬರಲೇ ಇಲ್ಲ. ಹಟ ಬಿಡದೆ ಮುಂದುವರಿದದ್ದು ಮೈಕ್ರೋಸಾಫ್ಟ್. 2020ರಲ್ಲಿ ಹೊರದೇಶಗಳಲ್ಲಿ ತೆರೆದ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ನಮ್ಮ ದೇಶಕ್ಕೆ ಬಂದದ್ದು 2025ರ ನವೆಂಬರ್‌ನಲ್ಲಿ.

ಕ್ಲೌಡ್ ಆಟದ ಆಕರ್ಷಣೆ ಸುಳ್ಳಲ್ಲ. 2021ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 5 ಇಲ್ಲಿಗೆ ಬಂದಾಗ ಡಿಸ್ಕ್ ಮಾದರಿಯ ಬೆಲೆ 49,990 ರೂಪಾಯಿ. ಬಸವೇಶ್ವರನಗರದ ಬಾಡಿಗೆ ಮನೆಯ ಸಂಸಾರವೊಂದು ಮಗನ ಆಟಕ್ಕೆ ಅಷ್ಟು ಹಣ ಎತ್ತಿಡುವುದು ಸುಲಭವಲ್ಲ. ಮನೆಯಲ್ಲಿರುವ ಫೋನು, ಟೀವಿಯಲ್ಲೇ ಅದೇ ಆಟ ಸಿಗುತ್ತದೆಂದರೆ ಯಾರಿಗೆ ಬೇಡ?

ತೊಡಕಿರುವುದು ದಾರಿಯಲ್ಲಿ. ಸೆಕೆಂಡಿಗೆ 60 ಚೌಕಟ್ಟುಗಳ ಆಟದಲ್ಲಿ ಒಂದು ಚೌಕಟ್ಟಿನ ಆಯುಷ್ಯ ಸುಮಾರು 17 ಮಿಲಿಸೆಕೆಂಡ್. ಮೈಕ್ರೋಸಾಫ್ಟ್‌ನ ಡೇಟಾ ಕೇಂದ್ರಗಳಿರುವುದು ಪುಣೆ, ಮುಂಬೈ, ಚೆನ್ನೈಯಂಥ ಊರುಗಳಲ್ಲಿ. ಪುಣೆಯನ್ನೇ ತೆಗೆದುಕೊಂಡರೆ, ಕೆಂಗೇರಿಯಿಂದ ಅಲ್ಲಿಗೆ ಹೆದ್ದಾರಿಯ ಲೆಕ್ಕದಲ್ಲಿ 800 ಕಿ.ಮೀ.ಗೂ ಹೆಚ್ಚು. ಗಾಜಿನ ಎಳೆಯೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಅಂದರೆ ಹೋಗಿಬರುವುದಕ್ಕೇ 8 ಮಿಲಿಸೆಕೆಂಡ್ ಬೇಕು. ಅದರ ಮೇಲೆ ಚಿತ್ರವನ್ನು ಕುಗ್ಗಿಸಿ ಕಳಿಸುವ, ಇಲ್ಲಿ ಬಿಡಿಸುವ, ಮನೆಯ ವೈಫೈ ದಾಟುವ ಹೊತ್ತು ಸೇರುತ್ತದೆ. ನಿಧಾನದ ಕಥಾಪ್ರಧಾನ ಆಟಕ್ಕೆ ಇದು ಲೆಕ್ಕಕ್ಕಿಲ್ಲ. ಫುಟ್‌ಬಾಲ್, ಗುದ್ದಾಟದ ಆಟಗಳಲ್ಲಿ ಬೆರಳಿಗೆ ಗೊತ್ತಾಗುತ್ತದೆ.

2005ರಲ್ಲಿ 256 ಕಿಲೋಬಿಟ್‌ನ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿಗೇ ಹಿಗ್ಗಿದ ಬಡಾವಣೆಗಳಲ್ಲಿ ಈಗ ಫೈಬರ್ ಮನೆಮನೆಗೆ ಬಂದಿದೆ, ನಿಜ. ಆದರೆ ಅದು ಬರುವುದು ಮರದಿಂದ ಕಂಬಕ್ಕೆ, ಕಂಬದಿಂದ ಮರಕ್ಕೆ ಜೋತುಬಿದ್ದು. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಒಂದು ಕೊಂಬೆ ಮುರಿದರೆ ಇಡೀ ರಸ್ತೆಯ ಸಂಪರ್ಕ ಹೋಗುತ್ತದೆ. ಫೋನಿನಲ್ಲಿ ಆಡೋಣವೆಂದರೆ, ಸೆಕೆಂಡಿಗೆ 20 ಮೆಗಾಬಿಟ್‌ನಂತೆ ಗಂಟೆಗೆ 9 ಜಿಬಿ ಬೇಕು. ದಿನಕ್ಕೆ 2 ಜಿಬಿ ಕೊಡುವ 4ಜಿ ಪ್ಯಾಕ್ 13 ನಿಮಿಷಕ್ಕೆ ಖಾಲಿ.

ಇದಕ್ಕಿಂತ ದೊಡ್ಡದು ನನಗೆ ಕಾಣುವುದು ಒಡೆತನದ ಮಾತು. 4,999 ರೂಪಾಯಿಯ ಡಿಸ್ಕನ್ನು ಆಡಿ ಮುಗಿಸಿ ಮಾರಿದರೆ ಅರ್ಧ ದುಡ್ಡಾದರೂ ಕೈಸೇರುತ್ತದೆ. ಮಧ್ಯಮ ವರ್ಗದ ಹುಡುಗರು ಹೊಸ ಆಟ ಕೊಳ್ಳುವುದೇ ಹಳೆಯದನ್ನು ಮಾರಿ. ಕ್ಲೌಡ್‌ನ ಚಂದಾದಲ್ಲಿ ಮರುಮಾರಾಟ ಎಂಬುದೇ ಇಲ್ಲ, ದರವೂ ಕಂಪನಿಯ ಕೈಯಲ್ಲಿ: 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮೈಕ್ರೋಸಾಫ್ಟ್‌ನ ಗೇಮ್ ಪಾಸ್ ಅಲ್ಟಿಮೇಟ್ ಚಂದಾ ತಿಂಗಳಿಗೆ 19.99ರಿಂದ ಒಮ್ಮೆಲೇ 29.99 ಡಾಲರ್‌ಗೆ ಏರಿತು. ಸ್ಟೇಡಿಯಾ ಮುಚ್ಚಿದಾಗ ಗೂಗಲ್ ಆಟಗಳ ಹಣ ಮರಳಿಸಿತು. ಎಲ್ಲ ಕಂಪನಿಗಳೂ ಹಾಗೆ ಮಾಡುತ್ತವೆಂದು ನಂಬಿ ಕೂರುವಂತಿಲ್ಲ.

ಯಂತ್ರದ ಕಾಲ ಮುಗಿಯಿತು ಎನ್ನುವವರು ಅಂಕಿ ನೋಡಲಿ. 2025ರ ಸೆಪ್ಟೆಂಬರ್ ಕೊನೆಗೆ ಪ್ಲೇಸ್ಟೇಷನ್ 5ರ ಮಾರಾಟ ಎಂಟು ಕೋಟಿ ದಾಟಿತ್ತು. ಅದೇ ವರ್ಷದ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ನಾಲ್ಕೇ ತಿಂಗಳಲ್ಲಿ ಒಂದು ಕೋಟಿ ಮುಟ್ಟಿತು. ನಿಂಟೆಂಡೊ ಇವತ್ತಿಗೂ ಭಾರತದಲ್ಲಿ ಅಧಿಕೃತವಾಗಿ ಮಾರುತ್ತಿಲ್ಲ ಎಂಬುದು ನಮ್ಮ ನೋವು. ಆಟಗಳನ್ನು ಕಟ್ಟುವ ಕೈಗಳು ಮಾತ್ರ ಈ ಊರಲ್ಲೇ ಇವೆ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್, ಎಕ್ಸ್‌ಬಾಕ್ಸ್‌ನ ಫೋರ್ಜಾ ಆಟಕ್ಕೆ ಕಾರುಗಳನ್ನು ರೂಪಿಸಿಕೊಟ್ಟಿತ್ತು.

ಕನ್ಸೋಲ್ ಕಂಪನಿಗಳಲ್ಲಿ ನನ್ನ ಕೇಳಿಕೆ ಇಷ್ಟು: ಕ್ಲೌಡ್ ಇರಲಿ, ರುಚಿ ನೋಡುವುದಕ್ಕೆ. ಅದರ ಬೆನ್ನುಹತ್ತಿ ಯಂತ್ರವನ್ನು ಕೈಬಿಡಬೇಡಿ. ಇಲ್ಲಿನ ಸಂಬಳಕ್ಕೆ ಎಟುಕುವ ಬೆಲೆಗೆ ಒಂದು ಕನ್ಸೋಲ್ ಕೊಡಿ, ಅದರಲ್ಲಿ ಡಿಸ್ಕ್ ಹಾಕುವ ಜಾಗ ಉಳಿಸಿ.